ಅಗಸ್ಟೀನ್ ಇನ್ನೂ ಯಾಕೆ ಓದಿಸಿಕೊಳ್ಳುತ್ತಾನೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಪ್ಪೋದ ಬಿಷಪ್ ಅಗಸ್ಟೀನ್ (354–430) ಕುರಿತು ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಅವನ ಗ್ರಂಥಗಳೊಳಗಿನ ದೊಡ್ಡ ವಿಭಾಗಗಳನ್ನು ಇಂಗ್ಲಿಷಿನಲ್ಲಿ ‘ಬುಕ್’ ಅನ್ನುತ್ತಾರೆ. ಇಡೀ ಪುಸ್ತಕಕ್ಕೂ ಅದೇ ಹೆಸರಾಗಿ ಗೊಂದಲವಾಗುವುದರಿಂದ ಇಲ್ಲಿ ಅವನ್ನು ‘ಕಾಂಡ’ ಎಂದು ಕರೆದಿದ್ದೇವೆ.

ಪ್ರ: ಅವರ ಊರೇ ಸುಟ್ಟುಹೋಯಿತು ಎಂದು ಓದಿದ್ದೇನೆ. ಹಾಗಿದ್ದರೆ ಅಷ್ಟೊಂದು ಪುಸ್ತಕಗಳು ಉಳಿದದ್ದು ಹೇಗೆ? ಅದೃಷ್ಟವೆ?

ಉ: ಅದೃಷ್ಟದ ಪಾಲು ಕಡಿಮೆ, ಅಚ್ಚುಕಟ್ಟಿನ ಪಾಲು ಹೆಚ್ಚು. 430ರಲ್ಲಿ ವ್ಯಾಂಡಲರು ಹಿಪ್ಪೋಗೆ ಮುತ್ತಿಗೆ ಹಾಕಿದರು. ಅದು ಇಂದಿನ ಅಲ್ಜೀರಿಯಾದ ಅನ್ನಾಬಾ. ಮುತ್ತಿಗೆಯ ಮೂರನೆಯ ತಿಂಗಳಲ್ಲಿ, ಆಗಸ್ಟ್ 28ರಂದು, ಅಗಸ್ಟೀನ್ ತೀರಿಕೊಂಡ. ಮುತ್ತಿಗೆ ಒಟ್ಟು ಹದಿನಾಲ್ಕು ತಿಂಗಳು ನಡೆಯಿತು. ಕೊನೆಗೆ ಜನ ಊರು ಬಿಟ್ಟರು, ಖಾಲಿ ಊರಿಗೆ ಬೆಂಕಿ ಬಿತ್ತು. ಇದನ್ನು ಹೇಳುವವನು ಮುತ್ತಿಗೆಯ ಕಾಲದಲ್ಲಿ ಊರೊಳಗೇ ಇದ್ದ ಪೊಸಿಡಿಯಸ್. ಅಗಸ್ಟೀನನ ಗೆಳೆಯ, ಶಿಷ್ಯ, ಮೊದಲ ಜೀವನಚರಿತ್ರೆಕಾರ. ಅಗಸ್ಟೀನ್ ಉಯಿಲು ಬರೆಯಲಿಲ್ಲ, ಬರೆದು ಕೊಡಲು ಆಸ್ತಿಯೇ ಇರಲಿಲ್ಲ ಎನ್ನುತ್ತಾನೆ ಪೊಸಿಡಿಯಸ್. ಚರ್ಚಿನ ಗ್ರಂಥಭಂಡಾರವನ್ನು ಮುಂದಿನವರಿಗಾಗಿ ಜೋಪಾನ ಮಾಡಿ ಎಂಬ ಮಾತನ್ನು ಮಾತ್ರ ಅಗಸ್ಟೀನ್ ಮತ್ತೆಮತ್ತೆ ಹೇಳಿದ್ದನಂತೆ.

ಆದರೆ ಗ್ರಂಥಭಂಡಾರಕ್ಕೆ ಕಾವಲಿದ್ದರೆ ಸಾಲದು, ಪ್ರತಿಗಳು ಊರು ದಾಟಿರಬೇಕು. ಆ ಕೆಲಸ ಮೂವತ್ತು ವರ್ಷದಿಂದ ನಡೆದಿತ್ತು. ಅಗಸ್ಟೀನ್ ಕೈಯಾರೆ ಬರೆದದ್ದು ಕಡಿಮೆ, ಹೇಳಿ ಬರೆಸಿದ್ದೇ ಹೆಚ್ಚು. ‘ನೊಟಾರಿ’ ಎಂಬ ಶೀಘ್ರಲಿಪಿಕಾರರು ಅವನ ಮಾತನ್ನು ಸಂಕೇತಗಳಲ್ಲಿ ಹಿಡಿಯುತ್ತಿದ್ದರು, ಆಮೇಲೆ ಅದು ಪೂರ್ಣ ಅಕ್ಷರಕ್ಕೆ ಬರುತ್ತಿತ್ತು. ಚರ್ಚಿನಲ್ಲಿ ಮಾಡಿದ ಉಪದೇಶಗಳೂ ಹೀಗೆಯೇ ದಾಖಲಾದವು. ಕೇಳುತ್ತಿದ್ದ ಜನ ಕೂಗಿ ಮೆಚ್ಚಿಕೊಂಡದ್ದಕ್ಕೆ ಅವನು ಕೊಟ್ಟ ಉತ್ತರವೂ ಕೆಲವು ಕಡೆ ಉಳಿದಿರುವುದು ಅದಕ್ಕೇ. ಮುಗಿದ ಕೃತಿಯ ಒಂದು ಪ್ರತಿ ಹಿಪ್ಪೋದಲ್ಲಿ ಇರುತ್ತಿತ್ತು. ಕೇಳಿದವರಿಗೆ ಅದರಿಂದ ನಕಲು ಹೋಗುತ್ತಿತ್ತು: ಕಾರ್ತೇಜಿಗೆ, ರೋಮಿಗೆ, ಇಟಲಿಯ ನೋಲಾದಲ್ಲಿದ್ದ ಪೌಲೀನಸನಿಗೆ, ಗಾಲ್ ಪ್ರಾಂತದ ಓದುಗರಿಗೆ. ಹಿಪ್ಪೋ ಸುಟ್ಟ ಹೊತ್ತಿಗೆ ಸಮುದ್ರದ ಆಚೆ ಅವನ ಪುಸ್ತಕಗಳು ಬೇರು ಬಿಟ್ಟಾಗಿತ್ತು.

ಪುಸ್ತಕ ಕಟ್ಟುವ ಕೆಲಸಕ್ಕೂ ಅವನು ತಲೆ ಹಾಕುತ್ತಿದ್ದ. 22 ಕಾಂಡಗಳ ‘ಸಿಟಿ ಆಫ್ ಗಾಡ್’ (ದೇವರ ನಗರ) ಕಳಿಸುವಾಗ ಫಿರ್ಮಸ್ ಎಂಬಾತನಿಗೆ ಬರೆದ ಪತ್ರ ನೋಡಿ. ಇಪ್ಪತ್ತೆರಡು ಕಟ್ಟುಗಳನ್ನು ಒಂದೇ ಪುಸ್ತಕವಾಗಿ ಹೊಲಿದರೆ ತೀರಾ ದಪ್ಪವಾಗುತ್ತದೆ. ಎರಡು ಸಂಪುಟ ಬೇಕೆಂದರೆ ಮೊದಲಿನದರಲ್ಲಿ 10 ಕಾಂಡ, ಎರಡನೆಯದರಲ್ಲಿ 12 ಇರಲಿ. ಎರಡಕ್ಕಿಂತ ಹೆಚ್ಚು ಬೇಕಾದರೆ ಐದು ಮಾಡು: ಐದು, ಐದು, ಆಮೇಲೆ ನಾಲ್ಕು ನಾಲ್ಕರಂತೆ ಮೂರು. ಈ ಲೆಕ್ಕ ಸುಮ್ಮನೆ ಹಾಕಿದ್ದಲ್ಲ. ಮೊದಲ ಐದು ಕಾಂಡ ಈ ಲೋಕದ ಸುಖಕ್ಕಾಗಿ ಹಲವು ದೇವತೆಗಳನ್ನು ಪೂಜಿಸುವವರಿಗೆ ಉತ್ತರ. ಮುಂದಿನ ಐದು ಪರಲೋಕದ ಸುಖಕ್ಕಾಗಿ ಪೂಜಿಸುವವರಿಗೆ. ಉಳಿದ ಹನ್ನೆರಡರಲ್ಲಿ ದೇವರ ನಗರ, ಲೋಕದ ನಗರ ಎಂಬ ಎರಡು ನಗರಗಳ ಹುಟ್ಟು, ಬೆಳವಣಿಗೆ, ಕೊನೆ, ತಲಾ ನಾಲ್ಕು ಕಾಂಡ. ಹೊಲಿಗೆ ಎಲ್ಲಿ ಬೀಳಬೇಕೆಂದು ವಾದವೇ ಹೇಳುತ್ತದೆ. ಬೇರೆ ಕಡೆ ಕತ್ತರಿಸಿದರೆ ಮಧ್ಯದ ಸಂಪುಟವೊಂದೇ ಸಿಕ್ಕ ಓದುಗನಿಗೆ ತಲೆಬುಡ ತಿಳಿಯುವುದಿಲ್ಲ. ಅದೇ ಪತ್ರದಲ್ಲಿ ಇನ್ನೊಂದು ಸೂಚನೆಯೂ ಇದೆ. ಕಾರ್ತೇಜಿನಲ್ಲಿ ಪ್ರತಿ ಇಲ್ಲದವರಿಗೆ ನಕಲು ಮಾಡಿಕೊಳ್ಳಲು ಕೊಡು, ಎಲ್ಲರಿಗೂ ನೀನೇ ಕೊಡಬೇಕಿಲ್ಲ, ಒಬ್ಬಿಬ್ಬರಿಗೆ ಕೊಟ್ಟರೆ ಅವರೇ ಮುಂದಿನವರಿಗೆ ಕೊಡುತ್ತಾರೆ. ಪ್ರಕಾಶಕರಿಲ್ಲದ ಕಾಲದ ವಿತರಣಾ ವ್ಯವಸ್ಥೆ ಇಷ್ಟೇ.

ಇದು ಕೈಕೊಟ್ಟದ್ದೂ ಉಂಟು. ‘ತ್ರಿತ್ವದ ಕುರಿತು’ ಬರೆಯುತ್ತಿದ್ದಾಗ ಹನ್ನೆರಡನೆಯ ಕಾಂಡ ಮುಗಿಯುವ ಮೊದಲೇ ಯಾರೋ ಅದನ್ನು ಎತ್ತಿಕೊಂಡು ಹೋಗಿ ನಕಲು ಹಂಚಿಬಿಟ್ಟರು. ಅವನು ಸಿಟ್ಟಾಗಿ ಕೆಲಸವನ್ನೇ ನಿಲ್ಲಿಸಿದ. ಕೊನೆಗೆ ಒತ್ತಾಯಕ್ಕೆ ಮಣಿದು 15 ಕಾಂಡಗಳನ್ನು ಮುಗಿಸಿ, ಹೀಗಾಯಿತು ಎಂದು ಕಾರ್ತೇಜಿನ ಬಿಷಪ್ ಔರೇಲಿಯಸನಿಗೆ ಪತ್ರ ಬರೆದು, ಆ ಪತ್ರವನ್ನು ಗ್ರಂಥದ ಮೊದಲಲ್ಲೇ ಸೇರಿಸಿ ಎಂದ. ಜನಪ್ರಿಯತೆಗೆ ಇದಕ್ಕಿಂತ ಒಳ್ಳೆಯ ಪುರಾವೆ ನಮಗೆ ಬೇಕಿಲ್ಲ.

ಪ್ರ: ಅವರು ಒಟ್ಟು ಎಷ್ಟು ಬರೆದಿದ್ದಾರೆ? ಪೂರ್ತಿ ಓದಿದವರಿದ್ದಾರೆಯೆ?

ಉ: ಲೆಕ್ಕವನ್ನು ಅವನೇ ಇಟ್ಟಿದ್ದಾನೆ. 426–427ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ, ತನ್ನ ಪುಸ್ತಕಗಳನ್ನೆಲ್ಲ ಕಾಲಕ್ರಮದಲ್ಲಿ ಮುಂದಿಟ್ಟುಕೊಂಡು ಮತ್ತೆ ಓದಿದ. ಪ್ರತಿಯೊಂದಕ್ಕೂ ಯಾಕೆ ಬರೆದೆ, ಎಲ್ಲಿ ತಪ್ಪಿದೆ ಎಂದು ಟಿಪ್ಪಣಿ ಹಾಕಿದ, ಮೊದಲ ಸಾಲನ್ನೂ ಉದ್ಧರಿಸಿದ. ಆ ಪುಸ್ತಕದ ಹೆಸರು ‘ರೆಟ್ರಾಕ್ಟಾಟಿಯೋನೆಸ್’, ಅಂದರೆ ಮರುಪರಿಶೀಲನೆ. ಹೇಳಿದ್ದನ್ನು ಹಿಂತೆಗೆದುಕೊಳ್ಳುವುದು ಎಂಬ ಅರ್ಥ ಅದಕ್ಕಿಲ್ಲ. ಕೊನೆಗೆ ಸಿಕ್ಕ ಮೊತ್ತ 93 ಕೃತಿ, 232 ಕಾಂಡ. ಪತ್ರ, ಉಪದೇಶಗಳು ಈ ಲೆಕ್ಕದಲ್ಲಿ ಸೇರಿಲ್ಲ. ಅವನ್ನೂ ಹೀಗೆಯೇ ನೋಡಬೇಕೆಂದಿದ್ದ, ಆಗಲಿಲ್ಲ. ಹಗಲು ಒಂದು ಕೆಲಸ, ರಾತ್ರಿ ಇನ್ನೊಂದು ಎಂದು ಆ ದಿನಗಳಲ್ಲಿ ಗೆಳೆಯನಿಗೆ ಬರೆದಿದ್ದಾನೆ. ಒಂದು ಈ ಮರುಪರಿಶೀಲನೆ, ಇನ್ನೊಂದು ಎದುರಾಳಿ ಬಿಷಪ್, ಎಕ್ಲಾನಮ್‌ನ ಜೂಲಿಯನನ ಎಂಟು ಕಾಂಡಗಳ ದಾಳಿಗೆ ಉತ್ತರ.

ಈ ಪಟ್ಟಿಯಿಂದ ದೊಡ್ಡ ಉಪಕಾರವಾಯಿತು. ಮೊದಲ ಸಾಲು ಗೊತ್ತಿರುವುದರಿಂದ, ಮಧ್ಯಯುಗದ ಹಸ್ತಪ್ರತಿಯೊಂದರ ತಲೆಯ ಮೇಲೆ ‘ಅಗಸ್ಟೀನ್’ ಎಂದಿದ್ದರೆ ನಿಜವೋ ಸುಳ್ಳೋ ಪರೀಕ್ಷಿಸಬಹುದು. ಅವನ ಹೆಸರಿನಲ್ಲಿ ಬಂದ ಖೋಟಾ ಪುಸ್ತಕಗಳಿಗೆ ಬರವಿರಲಿಲ್ಲ. ಹೆಸರಿದ್ದವನ ಹೆಸರು ಹಾಕಿದರೆ ಪುಸ್ತಕ ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವನ ಎದುರಾಳಿ ಪೆಲೇಜಿಯಸ್ ಪೌಲನ ಪತ್ರಗಳಿಗೆ ಬರೆದ ವ್ಯಾಖ್ಯಾನ ಶತಮಾನಗಟ್ಟಲೆ ಓಡಾಡಿದ್ದು ಹೆಸರಾಂತ ಬೈಬಲ್ ವಿದ್ವಾಂಸ ಜೆರೋಮನ ಹೆಸರಿನಡಿಯಲ್ಲಿ.

ಪೂರ್ತಿ ಓದಿದವರೆ? ‘ನಿನ್ನನ್ನು ಪೂರ್ತಿ ಓದಿದೆ ಅನ್ನುವವನು ಸುಳ್ಳುಗಾರ’ ಎಂದು ಏಳನೆಯ ಶತಮಾನದಲ್ಲೇ ಸೆವಿಲ್‌ನ ಇಸಿಡೋರ್ ಪದ್ಯ ಕಟ್ಟಿದ್ದಾನೆ. ಹೆಚ್ಚಿನವರು ಓದಿದ್ದು ಆಯ್ದ ಭಾಗಗಳನ್ನು. ಆರನೆಯ ಶತಮಾನದ ಆರಂಭದಲ್ಲಿ ನೇಪಲ್ಸ್ ಬಳಿಯ ಮಠದ ಯೂಜಿಪ್ಪಿಯಸ್ ಮಾಡಿದ ದಪ್ಪ ಸಂಕಲನ, ಪ್ರಾಸ್ಪರ್ ಎಂಬವನು ತೆಗೆದ ಸೂಕ್ತಿಗಳ ಗೊಂಚಲು, ಇವೇ ಮಠಗಳಲ್ಲಿ ಹೆಚ್ಚು ಓಡಾಡಿದವು. ‘ಅಗಸ್ಟೀನ್ ಹೀಗೆ ಹೇಳಿದ’ ಎಂದು ಮಧ್ಯಯುಗದ ಲೇಖಕ ಬರೆದರೆ ಮೂಲ ಅವನ ಮೇಜಿನ ಮೇಲಿತ್ತು ಎಂದು ನಂಬಬೇಡಿ.

ಪ್ರ: ‘ಕನ್ಫೆಶನ್ಸ್’ ಓದಲು ಎರಡು ಸಲ ಶುರುಮಾಡಿ ಎರಡು ಸಲವೂ ಬಿಟ್ಟೆ. ಯಾವ ಅನುವಾದ, ಯಾವ ಕ್ರಮ?

ಉ: ಎಲ್ಲಿ ಬಿಟ್ಟಿರಿ ಎಂದು ಬರೆದಿದ್ದರೆ ಚೆನ್ನಾಗಿತ್ತು. ಸಾಮಾನ್ಯವಾಗಿ ಮೂರು ಕಡೆ ಎಡವುತ್ತಾರೆ.

ಮೊದಲನೆಯದು ಮೊದಲ ಪುಟವೇ. ಆತ್ಮಕಥೆ ಎಂದುಕೊಂಡು ತೆರೆದರೆ ‘ನಾನು ಇಂಥಲ್ಲಿ ಹುಟ್ಟಿದೆ’ ಎಂಬ ಸಾಲಿಲ್ಲ. ದೇವರಿಗೆ ಕೇಳಿದ ಪ್ರಶ್ನೆಗಳ ಸುರಿಮಳೆ ಇದೆ. ನಿನ್ನನ್ನು ಕರೆಯುವುದು ಮೊದಲೋ, ತಿಳಿಯುವುದು ಮೊದಲೋ? ನನ್ನೊಳಗೆ ಬಾ ಎಂದರೆ ನೀನು ಹಿಡಿಸುವಷ್ಟು ಜಾಗ ನನ್ನೊಳಗೆಲ್ಲಿದೆ? ಇಡೀ ಪುಸ್ತಕ ದೇವರನ್ನು ‘ನೀನು’ ಎಂದು ಕರೆದು ಆಡಿದ ಮಾತು, ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು. ಲ್ಯಾಟಿನ್ನಿನ ‘ಕನ್ಫೆಸಿಯೋ’ ಎಂದರೆ ತಪ್ಪನ್ನು ಒಪ್ಪಿಕೊಳ್ಳುವುದೂ ಹೌದು, ದೇವರನ್ನು ಸ್ತುತಿಸುವುದೂ ಹೌದು. ಕನ್ನಡದ ‘ನಿವೇದನೆ’ ಎರಡನ್ನೂ ಹೆಚ್ಚುಕಡಿಮೆ ಹಿಡಿಯುತ್ತದೆ, ಇಂಗ್ಲಿಷಿನ ಮಾತು ಒಂದನ್ನೇ. ಮೊದಲ ಐದಾರು ಪುಟಗಳನ್ನು ಗಟ್ಟಿಯಾಗಿ ಓದಿ ನೋಡಿ. ಬರೆಸಿದ ಗದ್ಯ ಅದು, ಕಿವಿಗೆ ಬೇಗ ದಕ್ಕುತ್ತದೆ.

ಎರಡನೆಯದು 7ನೆಯ ಕಾಂಡ. ಕೆಡುಕು ಒಂದು ವಸ್ತುವೆ? ದೇವರಿಗೆ ಗಾತ್ರವಿದೆಯೆ? ಸುಮಾರು ಒಂಬತ್ತು ವರ್ಷ ಅವನು ಮಣಿ ಪಂಥದ ‘ಕೇಳುಗ’ನಾಗಿದ್ದ. ಬೆಳಕು, ಕತ್ತಲೆ ಎರಡೂ ನಿಜವಾದ ವಸ್ತುಗಳು, ಲೋಕ ಅವುಗಳ ಕಾಳಗ ಎನ್ನುವ ಪಂಥ ಅದು. ಇಷ್ಟು ಗೊತ್ತಿಲ್ಲದೆ ಹೋದರೆ 7ನೆಯ ಕಾಂಡ ಗಾಳಿಯ ಜೊತೆ ಗುದ್ದಾಟದಂತೆ ಕಾಣುತ್ತದೆ.

ಮೂರನೆಯದು 10ನೆಯ ಕಾಂಡದ ಆಚೆ. ಒಂಬತ್ತರಲ್ಲಿ ತಾಯಿ ಮೋನಿಕಾ ಸಾಯುತ್ತಾಳೆ, ಕಥೆ ಮುಗಿಯಿತು. ಹತ್ತರಲ್ಲಿ ನೆನಪು ಎಂದರೇನು, ಹನ್ನೊಂದರಲ್ಲಿ ಕಾಲ ಎಂದರೇನು, ಹನ್ನೆರಡು ಹದಿಮೂರರಲ್ಲಿ ಬೈಬಲ್ಲಿನ ಮೊದಲ ಪುಸ್ತಕ ‘ಆದಿಕಾಂಡ’ದ ಮೊದಲ ಅಧ್ಯಾಯದ ವ್ಯಾಖ್ಯಾನ. ಹತ್ತು ಕಾಂಡ ನನ್ನ ಬಗ್ಗೆ, ಮೂರು ಪವಿತ್ರ ಗ್ರಂಥದ ಬಗ್ಗೆ ಎಂದು ಅವನೇ ವಿಭಾಗಿಸಿದ್ದಾನೆ. ಕೆಲವು ಹಳೆಯ ಅನುವಾದಗಳು ಕೊನೆಯ ಮೂರನ್ನೋ ನಾಲ್ಕನ್ನೋ ಬಿಟ್ಟೇ ಅಚ್ಚಾಗಿವೆ. ಕೊಳ್ಳುವ ಮುನ್ನ ಪರಿವಿಡಿಯಲ್ಲಿ 13 ಕಾಂಡ ಇವೆಯೇ ನೋಡಿಕೊಳ್ಳಿ.

ಮೂರನೆಯ ಪ್ರಯತ್ನಕ್ಕೆ ನಮ್ಮ ಸಲಹೆ ಇದು. 8ನೆಯ ಕಾಂಡದಿಂದ ಶುರುಮಾಡಿ. 386ರಲ್ಲಿ ಮಿಲಾನಿನ ತೋಟದಲ್ಲಿ ‘ತೆಗೆದುಕೊ, ಓದು’ ಎಂಬ ಮಗುವಿನ ದನಿ ಕೇಳಿಸುವುದು, ಅವನು ಪೌಲನ ಪತ್ರ ತೆರೆದು ಕಣ್ಣಿಗೆ ಬಿದ್ದ ಸಾಲು ಓದುವುದು ಅಲ್ಲಿದೆ. ಆಮೇಲೆ 9. ಅನಂತರ ಹಿಂದಕ್ಕೆ ಹೋಗಿ 1ರಿಂದ 6. ಅದರಲ್ಲಿ 2ನೆಯ ಕಾಂಡದ ಪಿಯರ್ ಹಣ್ಣಿನ ಕಳ್ಳತನವನ್ನು ನಿಧಾನವಾಗಿ ಓದಿ. ಹದಿನಾರರ ಹುಡುಗರು ತಿನ್ನಲೂ ಬೇಡವಾದ ಹಣ್ಣನ್ನು ಕದ್ದು ಹಂದಿಗಳಿಗೆ ಎಸೆದ ಕಥೆ. ಘಟನೆಗೆ ಕೆಲವೇ ಸಾಲು, ‘ಯಾಕೆ ಮಾಡಿದೆ’ ಎಂಬ ಪ್ರಶ್ನೆಗೆ ಕಾಂಡದ ಅರ್ಧ ಭಾಗ. ಇದು ಹಿಡಿಸದಿದ್ದರೆ ಅಗಸ್ಟೀನ್ ನಿಮ್ಮ ಲೇಖಕ ಅಲ್ಲ, ಬೇಸರ ಬೇಡ. ಹಿಡಿಸಿದರೆ 7, 10, 11. ಉಳಿದೆರಡು ಕಾಂಡಗಳನ್ನು ಆದಿಕಾಂಡ ಪಕ್ಕದಲ್ಲಿಟ್ಟುಕೊಂಡು ಓದಬೇಕು, ಇಲ್ಲದಿದ್ದರೆ ಪ್ರಯೋಜನವಿಲ್ಲ.

ಇಂಗ್ಲಿಷ್ ಅನುವಾದಗಳಲ್ಲಿ ಹೆನ್ರಿ ಚಾಡ್ವಿಕ್ (1991) ಅವರದು ಅಡಿಟಿಪ್ಪಣಿಗಳಿಗಾಗಿ ಒಳ್ಳೆಯದು, ತತ್ವಜ್ಞಾನದ ಮೂಲಗಳನ್ನು ಅಲ್ಲಲ್ಲೇ ತೋರಿಸುತ್ತದೆ. ಸರಾಗವಾಗಿ ಓದಿಸಿಕೊಳ್ಳುವುದು ಮರಿಯಾ ಬೋಲ್ಡಿಂಗ್ (1997) ಅವರದು. ಸಾರಾ ರೂಡನ್ (2017) ಲ್ಯಾಟಿನ್ನಿನ ಆಟ, ಬಿರುಸು ಎರಡನ್ನೂ ತರಲು ಹೊರಟವರು. ‘ಡೊಮಿನುಸ್’ ಪದಕ್ಕೆ ‘ಲಾರ್ಡ್’ ಬದಲು ‘ಮಾಸ್ಟರ್’ ಎಂದು ಹಾಕಿ ಜಗಳಕ್ಕೂ ದಾರಿ ಮಾಡಿದರು. ಆ ಕಾಲದ ಆಳು-ಒಡೆಯರ ಲೋಕ ಆ ಪದದಲ್ಲಿ ಇತ್ತು ಎಂಬುದು ಅವರ ವಾದ, ನಮಗದು ಸರಿ ಅನ್ನಿಸುತ್ತದೆ. ಅಂತರ್ಜಾಲದಲ್ಲಿ ಬಿಟ್ಟಿ ಸಿಗುವುದು ಹೆಚ್ಚಾಗಿ ಪ್ಯೂಸಿ ಅವರ 1838ರ ಅನುವಾದ. ತಪ್ಪಿಲ್ಲ, ಆದರೆ ಹಳೆಯ ಇಂಗ್ಲಿಷ್. ನೀವು ಎರಡು ಸಲ ಬಿಟ್ಟದ್ದು ಅದನ್ನೇ ಆಗಿದ್ದರೆ ಆಶ್ಚರ್ಯವಿಲ್ಲ.

ಕೊನೆಗೊಂದು ಸಣ್ಣ ತೊಡಕು. ಪುಸ್ತಕದ ತುಂಬ ಬೈಬಲ್ಲಿನ ಕೀರ್ತನೆಗಳ ಸಾಲುಗಳಿವೆ. ಕೆಲವು ಆವೃತ್ತಿಗಳ ಅಡಿಟಿಪ್ಪಣಿ ಲ್ಯಾಟಿನ್ ಎಣಿಕೆಯನ್ನು ಕೊಡುತ್ತದೆ. ಅದರಲ್ಲಿ 9 ಮತ್ತು 10ನೆಯ ಕೀರ್ತನೆ ಒಂದೇ ಆಗಿರುವುದರಿಂದ ಅಲ್ಲಿಂದ ಮುಂದೆ ಬಹುಪಾಲು ಒಂದು ಸಂಖ್ಯೆ ಕಡಿಮೆ. ನೀರಿಗೆ ಹಾತೊರೆಯುವ ಜಿಂಕೆಯ ಕೀರ್ತನೆ ಅಲ್ಲಿ 41, ನಿಮ್ಮ ಬೈಬಲ್ಲಿನಲ್ಲಿ 42.

ಪ್ರ: ಮತವಿಲ್ಲದವರೂ ಯಾಕೆ ಓದುತ್ತಾರೆ?

ಉ: ‘ಕನ್ಫೆಶನ್ಸ್’ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕವಾಗುತ್ತದೆ, ನಮಗೆ ತೋಚುವ ಕಾರಣ ಅದೇ. ಅಗಸ್ಟೀನನ ಕಾಲದಲ್ಲೇ ಅದು ಹಾಗಿತ್ತು. ನನ್ನ ಕೃತಿಗಳಲ್ಲಿ ಇದಕ್ಕಿಂತ ಹೆಚ್ಚು ಹರಡಿದ್ದು, ಹೆಚ್ಚು ಮೆಚ್ಚುಗೆಯಾದದ್ದು ಯಾವುದಿದೆ ಎಂದು ವಯಸ್ಸಾದ ಮೇಲೆ ಅವನೇ ಕೇಳುತ್ತಾನೆ. ಅದೇ ಉಸಿರಿನಲ್ಲಿ, ರೋಮಿನಲ್ಲಿ ಒಬ್ಬ ಬಿಷಪ್ ಹತ್ತನೆಯ ಕಾಂಡದ ‘ನೀನು ಅಪ್ಪಣೆ ಮಾಡುವುದನ್ನು ನೀನೇ ಕೊಡು, ಆಮೇಲೆ ಬೇಕಾದ್ದನ್ನು ಅಪ್ಪಣೆ ಮಾಡು’ ಎಂಬ ಸಾಲು ಹೇಳಿದಾಗ ಪೆಲೇಜಿಯಸ್ ಸಹಿಸಲಾರದೆ ಎದ್ದು ವಾದಕ್ಕಿಳಿದದ್ದನ್ನೂ ನೆನೆಯುತ್ತಾನೆ. ಮನುಷ್ಯನ ಪ್ರಯತ್ನವೋ ದೇವರ ಕೃಪೆಯೋ ಎಂಬ ಜಗಳದ ಮೊದಲ ಕಿಡಿಗಳಲ್ಲಿ ಈ ಸಾಲೂ ಒಂದು.

1336ರ ಏಪ್ರಿಲ್ 26ರಂದು ವಾಂತೂ ಬೆಟ್ಟ ಹತ್ತಿದ ಕವಿ ಪೆಟ್ರಾರ್ಕ್ ಜೊತೆಗೊಯ್ದ ಅಂಗೈಯಗಲದ ಪ್ರತಿಯನ್ನು ತುದಿಯಲ್ಲಿ ತೆರೆದ. ಅವನ ಮಾತನ್ನು ನಂಬುವುದಾದರೆ, ಮನುಷ್ಯರು ಬೆಟ್ಟದ ಎತ್ತರ ನೋಡಿ ಬೆರಗಾಗುತ್ತಾರೆ, ತಮ್ಮನ್ನು ತಾವು ನೋಡಿಕೊಳ್ಳುವುದಿಲ್ಲ ಎಂಬ ಹತ್ತನೆಯ ಕಾಂಡದ ಸಾಲೇ ಎದುರಾಯಿತು. ಎಷ್ಟು ಸರಿಯಾಗಿ! ಪತ್ರವನ್ನು ಅವನು ಆಮೇಲೆ ಕೂತು ತಿದ್ದಿ ಬರೆದಿದ್ದಾನೆ ಎಂದು ವಿದ್ವಾಂಸರು ಮುಗುಳ್ನಗುತ್ತಾರೆ. 1554ರಲ್ಲಿ ಸ್ಪ್ಯಾನಿಷಿಗೆ ಬಂದಾಗ ಆವಿಲಾದ ತೆರೇಸಾ ಓದಿದರು. ತೋಟದ ಆ ದನಿ ತಮ್ಮನ್ನೇ ಕರೆದಂತಾಯಿತು ಎಂದು ಬರೆದುಕೊಂಡರು. 1953ರಲ್ಲಿ ಪ್ರಕಟವಾದ ವಿಟ್‌ಗೆನ್‌ಸ್ಟೈನನ ‘ಫಿಲಸಾಫಿಕಲ್ ಇನ್ವೆಸ್ಟಿಗೇಶನ್ಸ್’ ತೆರೆದುಕೊಳ್ಳುವುದು ಒಂದನೆಯ ಕಾಂಡದಿಂದ ಎತ್ತಿದ ಲ್ಯಾಟಿನ್ ಉಲ್ಲೇಖದಿಂದ: ಮಗುವಾಗಿದ್ದಾಗ ಮಾತು ಕಲಿತದ್ದು ಹೇಗೆ ಎಂಬ ಭಾಗ. ಅವನು ಅದನ್ನು ಉದ್ಧರಿಸಿದ್ದು ಭಾಷೆಯ ಆ ಚಿತ್ರ ಸಾಲದು ಎಂದು ತೋರಿಸಲಿಕ್ಕೆ. ಸಾವಿರದ ಐನೂರು ವರ್ಷ ಹಳೆಯ ಎದುರಾಳಿಯನ್ನು ಆರಿಸಿಕೊಳ್ಳುವುದೂ ಗೌರವವೇ. ಕವಿ, ಸಂತಳು, ತರ್ಕಜ್ಞ, ಮೂವರೂ ಓದಿದ್ದು ಬೇರೆಬೇರೆ ಕಾಂಡ.

ಪ್ರ: ವಾಟ್ಸ್ಆ್ಯಪ್ಪಿನಲ್ಲಿ ಬರುವ ‘ಸಂತ ಅಗಸ್ಟೀನರ ನುಡಿ’ಗಳು ನಿಜವೆ?

ಉ: ಅರ್ಧಕ್ಕರ್ಧ ಸಂಶಯಿಸಿ. ‘ಪ್ರಪಂಚ ಒಂದು ಪುಸ್ತಕ, ಪ್ರವಾಸ ಮಾಡದವರು ಒಂದೇ ಪುಟ ಓದಿದವರು’ ಅವನ ಕೃತಿಗಳಲ್ಲಿಲ್ಲ. ಕಡಲ ಪ್ರಯಾಣಕ್ಕೆ ಹೆದರುತ್ತಿದ್ದ ಬಿಷಪ್ ಹೇಳುವ ಮಾತೂ ಅಲ್ಲ ಅದು. ‘ಹಾಡುವವನು ಎರಡು ಸಲ ಪ್ರಾರ್ಥಿಸುತ್ತಾನೆ’ ಆ ರೂಪದಲ್ಲಿ ಸಿಗುವುದಿಲ್ಲ. ಕೀರ್ತನೆಗಳ ವ್ಯಾಖ್ಯಾನದಲ್ಲಿ ಹತ್ತಿರದ್ದೊಂದಿದೆ, ಸ್ತುತಿ ಹಾಡುವವನು ಹಾಡುವುದಷ್ಟೇ ಅಲ್ಲ, ತಾನು ಹಾಡುತ್ತಿರುವವನನ್ನು ಪ್ರೀತಿಸುತ್ತಾನೆ ಎಂದು. ‘ಅಗತ್ಯವಾದುದರಲ್ಲಿ ಏಕತೆ, ಸಂದೇಹವಿರುವುದರಲ್ಲಿ ಸ್ವಾತಂತ್ರ್ಯ, ಎಲ್ಲದರಲ್ಲೂ ಪ್ರೀತಿ’ ಎಂಬುದು ಹದಿನೇಳನೆಯ ಶತಮಾನದ ಮಾತು.

‘ನನಗೆ ಬ್ರಹ್ಮಚರ್ಯ ಕೊಡು, ಆದರೆ ಈಗಲೇ ಬೇಡ’ ನಿಜ: ಕನ್ಫೆಶನ್ಸ್ 8.7.17. ‘ನಿನ್ನಲ್ಲಿ ನೆಲೆ ಸಿಗುವವರೆಗೂ ನಮ್ಮ ಹೃದಯಕ್ಕೆ ನೆಮ್ಮದಿಯಿಲ್ಲ’ ನಿಜ: 1.1.1. ಕಾಲ ಎಂದರೇನು, ಯಾರೂ ಕೇಳದಿದ್ದರೆ ಗೊತ್ತು, ಕೇಳಿದವರಿಗೆ ವಿವರಿಸಹೊರಟರೆ ಗೊತ್ತಿಲ್ಲ: 11.14.17. ಈ ಮೂರು ಅಂಕಿಗಳೇ ನಿಮ್ಮ ಒರೆಗಲ್ಲು. ಮೊದಲನೆಯದು ಕಾಂಡ, ಎರಡನೆಯದು ಅಧ್ಯಾಯ, ಮೂರನೆಯದು ಪರಿಚ್ಛೇದ. ಮೂರನೆಯ ಅಂಕಿ ಕಾಂಡದುದ್ದಕ್ಕೂ ಓಡುತ್ತದೆ, ಅಧ್ಯಾಯ ಬದಲಾದರೆ 1ಕ್ಕೆ ಮರಳುವುದಿಲ್ಲ. ಇದು ತಿಳಿಯದೆ ‘14ನೆಯ ಅಧ್ಯಾಯದಲ್ಲಿ 17 ಇಲ್ಲವಲ್ಲ’ ಎಂದು ಕೇಳುವವರಿದ್ದಾರೆ. ಅಗಸ್ಟೀನ್ ಹಾಕಿದ್ದು ಕಾಂಡಗಳನ್ನು ಮಾತ್ರ. ಅಧ್ಯಾಯಗಳು ಆರಂಭದ ಅಚ್ಚು ಪ್ರತಿಗಳಲ್ಲಿ ಬಂದವು. ಪರಿಚ್ಛೇದಗಳನ್ನು ಎಣಿಸಿದವರು 1679ರಿಂದ 1700ರವರೆಗೆ ಪ್ಯಾರಿಸ್ಸಿನಲ್ಲಿ ಅವನ ಸಮಗ್ರ ಕೃತಿಗಳನ್ನು ತಂದ ಮಾವ್ರ ಪಂಗಡದ ಸನ್ಯಾಸಿಗಳು. ಅಂಕಿಯಿಲ್ಲದೆ ಬಂದ ನುಡಿಯನ್ನು ಮುಂದಕ್ಕೆ ಕಳಿಸಬೇಡಿ.

ಇನ್ನು, ನಿಜವಾಗಿದ್ದೂ ದಾರಿ ತಪ್ಪಿಸುವ ನುಡಿಯೊಂದಿದೆ. ‘ಪ್ರೀತಿಸು, ಆಮೇಲೆ ಬೇಕಾದ್ದು ಮಾಡು.’ ಯೊವಾನ್ನನ ಮೊದಲ ಪತ್ರದ ಮೇಲಿನ ಏಳನೆಯ ಉಪದೇಶದ ಸಾಲು. ಮದುವೆಯ ಕಾರ್ಡುಗಳ ಮೇಲೂ ಅಚ್ಚಾಗುತ್ತದೆ. ಮೂಲದಲ್ಲಿ ಅದರ ಹಿಂದಿನ ಮಾತು ಇದು: ತಂದೆ ಹುಡುಗನಿಗೆ ಹೊಡೆಯುತ್ತಾನೆ, ಗುಲಾಮರ ವ್ಯಾಪಾರಿ ಮುದ್ದುಮಾಡುತ್ತಾನೆ, ಇಬ್ಬರಲ್ಲಿ ಯಾರು ಬೇಕು? ಶಿಕ್ಷಿಸುವ ಪ್ರೀತಿಯ ಸಮರ್ಥನೆ ಅದು.

ಪ್ರ: ಬಲವಂತದ ಮತಬದಲಾವಣೆಯನ್ನು ಸಮರ್ಥಿಸಿದವರನ್ನು ಹೀಗೆ ಹೊಗಳುವುದೇಕೆ?

ಉ: ಹೊಗಳುತ್ತಿಲ್ಲ, ಆದರೆ ಪ್ರಶ್ನೆ ನ್ಯಾಯವಾದದ್ದು. ಆಫ್ರಿಕಾದಲ್ಲೇ ಡೊನಾಟಿಸ್ಟರು ಎಂಬ, ಮುಖ್ಯ ಚರ್ಚಿನಿಂದ ಒಡೆದುಹೋದ ಕ್ರೈಸ್ತರ ಪ್ರತ್ಯೇಕ ಚರ್ಚು ಬಲವಾಗಿತ್ತು. ಮೊದಮೊದಲು ಅಗಸ್ಟೀನ್ ವಾದದಿಂದಲೇ ಗೆಲ್ಲಬೇಕು ಎಂದವನು. ರಾಜಾಜ್ಞೆಗಳಿಂದ ಊರಿಗೆ ಊರೇ ಬದಲಾದದ್ದನ್ನು ಕಂಡು ಮನಸ್ಸು ಬದಲಿಸಿದೆ ಎಂದು 93ನೆಯ ಪತ್ರದಲ್ಲಿ ಹೇಳುತ್ತಾನೆ. 185ನೆಯ ಪತ್ರದಲ್ಲಿ ಲೂಕನ ಸುವಾರ್ತೆಯ ‘ಒಳಗೆ ಬರುವಂತೆ ಬಲವಂತ ಮಾಡು’ ಎಂಬ ಮಾತನ್ನು ಹಿಡಿಯುತ್ತಾನೆ. ದಂಡ, ಜಪ್ತಿ ಸರಿ, ಮರಣದಂಡನೆ ಕೂಡದು ಎಂಬುದು ಅವನ ಗೆರೆ. ಕೊಲೆ ಮಾಡಿದ ಡೊನಾಟಿಸ್ಟರನ್ನೂ ಕೊಲ್ಲಬೇಡ ಎಂದು ಅಧಿಕಾರಿ ಮಾರ್ಸೆಲ್ಲೀನಸನಿಗೆ ಬರೆದ ಪತ್ರ ಉಳಿದಿದೆ.

ಮುಂದಿನವರು ಆ ಗೆರೆಯನ್ನು ನೋಡಲಿಲ್ಲ. 1685ರಲ್ಲಿ ಫ್ರಾನ್ಸಿನ ದೊರೆ ಪ್ರಾಟೆಸ್ಟಂಟರಿಗಿದ್ದ ಹಕ್ಕನ್ನು ಕಿತ್ತುಕೊಂಡಾಗ ಇದೇ ಎರಡು ಪತ್ರಗಳು ಫ್ರೆಂಚಿನಲ್ಲಿ ಅಚ್ಚಾಗಿ ಸಮರ್ಥನೆಗೆ ಬಂದವು. ಮರುವರ್ಷವೇ ಪಿಯರ್ ಬೇಲ್ ಆ ‘ಬಲವಂತ ಮಾಡು’ ಎಂಬ ಒಂದೇ ಮಾತಿನ ಮೇಲೆ ಇಡೀ ಪುಸ್ತಕ ಬರೆದು ಉತ್ತರಿಸಿದ. ಧಾರ್ಮಿಕ ಸಹನೆಯ ವಾದಗಳಲ್ಲಿ ಅದಕ್ಕೆ ದೊಡ್ಡ ಜಾಗವಿದೆ. ಇಷ್ಟು ದೀರ್ಘಕಾಲ ಓದಿಸಿಕೊಂಡ ಲೇಖಕನ ತಪ್ಪುಗಳೂ ಅಷ್ಟೇ ದೀರ್ಘಕಾಲ ಓದಿಸಿಕೊಳ್ಳುತ್ತವೆ.

ಪ್ರ: ಪೂರ್ವದ ಚರ್ಚುಗಳಲ್ಲೂ ಅವರಿಗೆ ಇಷ್ಟೇ ಹೆಸರೆ?

ಉ: ಇಲ್ಲ. ಅವನು ಲ್ಯಾಟಿನ್ ಲೋಕದ ಲೇಖಕ. ಗ್ರೀಕ್ ಅವನಿಗೆ ಬಾಲ್ಯದಿಂದ ಆಗಿಬರಲಿಲ್ಲ, ಗ್ರೀಕರಿಗೆ ಅವನು ಬೇಕಾಗಲಿಲ್ಲ. ‘ತ್ರಿತ್ವದ ಕುರಿತು’ ಗ್ರೀಕಿಗೆ ಬಂದದ್ದು 1280ರ ಸುಮಾರಿಗೆ, ಮ್ಯಾಕ್ಸಿಮಸ್ ಪ್ಲಾನೂಡಿಸ್‌ನ ಕೈಯಲ್ಲಿ. ಅಲ್ಲಿಯ ಮನೆಮಾತಿನ ಹೆಸರು 407ರಲ್ಲಿ ತೀರಿಕೊಂಡ ಜಾನ್ ಕ್ರಿಸೊಸ್ಟಮ್.

ಪ್ರ: ಸಮಾಧಿ ಎಲ್ಲಿದೆ?

ಉ: ಇಟಲಿಯ ಪಾವಿಯಾದಲ್ಲಿ, ಸಾನ್ ಪಿಯೆತ್ರೊ ಇನ್ ಚಿಯೆಲ್ ದೋರೊ ಚರ್ಚಿನಲ್ಲಿ. ಆಫ್ರಿಕಾದಿಂದ ಸಾರ್ಡಿನಿಯಾಕ್ಕೆ, ಅಲ್ಲಿಂದ ಎಂಟನೆಯ ಶತಮಾನದಲ್ಲಿ ಲೊಂಬಾರ್ಡ್ ದೊರೆ ಲಿಯುಟ್‌ಪ್ರಾಂಡನ ಮೂಲಕ ಅಲ್ಲಿಗೆ ಬಂತು ಎಂಬುದು ಪರಂಪರೆಯ ಮಾತು.

ಪ್ರ: ಹೊಸ ಬರಹಗಳು ಈಗಲೂ ಸಿಗುತ್ತವೆಯೆ?

ಉ: ಸಿಗುತ್ತವೆ, ಅದೂ ಮರಳಿನಡಿಯಲ್ಲಿ ಅಲ್ಲ, ಗ್ರಂಥಾಲಯದ ಕಪಾಟಿನಲ್ಲೇ. ಆಸ್ಟ್ರಿಯಾದವರು ಯೂರೋಪಿನ ಗ್ರಂಥಾಲಯಗಳಲ್ಲಿರುವ ಅಗಸ್ಟೀನನ ಹಸ್ತಪ್ರತಿಗಳ ಪಟ್ಟಿ ಮಾಡಲು ಕೂತರು. ಆ ಕೆಲಸದಲ್ಲಿ ಯೊಹಾನಸ್ ಡಿವ್ಯಾಕ್‌ಗೆ ಫ್ರಾನ್ಸಿನ ಎರಡು ಹಸ್ತಪ್ರತಿಗಳಲ್ಲಿ ಯಾರೂ ಗಮನಿಸದ ಪತ್ರಗಳು ಕಂಡವು. 1981ರಲ್ಲಿ 29 ಪತ್ರಗಳು ಅಚ್ಚಾದವು, ಕೆಲವು ಅವನಿಗೆ ಬೇರೆಯವರು ಬರೆದವು. ಅವುಗಳಲ್ಲಿ ಹತ್ತನೆಯದು ಮೈ ಜುಮ್ಮೆನಿಸುವಂಥದು. ಗುಲಾಮರ ವ್ಯಾಪಾರಿಗಳು ಹಳ್ಳಿಗಳಿಂದ ಸ್ವತಂತ್ರ ಜನರನ್ನೇ ಹಿಡಿದು ಹಿಪ್ಪೋ ಬಂದರಿನಿಂದ ಸಾಗಿಸುತ್ತಿದ್ದರು. ಚರ್ಚಿನ ಜನ ಸುಮಾರು 120 ಮಂದಿಯನ್ನು ಬಿಡಿಸಿದರು. ವ್ಯಾಪಾರಿಗಳ ಬೆನ್ನಿಗೆ ನಿಂತವರು ಈಗ ದಾವೆ ಹೂಡಿದ್ದಾರೆ, ಏನು ಮಾಡಲಿ ಎಂದು ಮುದುಕನಾದ ಬಿಷಪ್ ಗೆಳೆಯ ಅಲಿಪಿಯಸನನ್ನು ಕೇಳುತ್ತಾನೆ.

1990ರಲ್ಲಿ ಫ್ರಾನ್ಸ್ವಾ ಡೊಲ್ಬೊ ಅವರು ಜರ್ಮನಿಯ ಮೈನ್ಸ್ ನಗರ ಗ್ರಂಥಾಲಯದ ಹದಿನೈದನೆಯ ಶತಮಾನದ ಪ್ರತಿಯೊಂದರಲ್ಲಿ 26 ಉಪದೇಶಗಳನ್ನು ಗುರುತಿಸಿದರು. ಕೆಲವು ಪೂರ್ತಿ ಹೊಸವು, ಕೆಲವು ಮೊದಲು ತುಣುಕಾಗಿ ಮಾತ್ರ ಗೊತ್ತಿದ್ದವು. 2008ರಲ್ಲಿ ಎರ್‌ಫುರ್ಟಿನಿಂದ ಇನ್ನಾರು ಬಂದವು, ಅದರಲ್ಲಿ ನಾಲ್ಕು ಪೂರ್ತಿ ಹೊಸವು. ಇಷ್ಟು ಕಾಲ ಕಾಣದೆ ಇದ್ದದ್ದು ಯಾಕೆಂದರೆ ಹೆಸರು ಜಾಸ್ತಿಯಾದದ್ದರಿಂದಲೇ. ‘ಅಗಸ್ಟೀನನ ಉಪದೇಶಗಳು’ ಎಂಬ ತಲೆಬರಹದ ಪ್ರತಿಗಳು ಎಲ್ಲೆಲ್ಲೂ ಇವೆ, ಒಳಗಿರುವುದು ಗೊತ್ತಿದ್ದದ್ದೇ ಅಥವಾ ಖೋಟಾ ಎಂದುಕೊಂಡು ಪಕ್ಕಕ್ಕಿಡುತ್ತಿದ್ದರು. ಒಂದೊಂದರ ಮೊದಲ ಸಾಲನ್ನೂ ಅಗಸ್ಟೀನನ ಬರಹಗಳದೆಂದು ಪೊಸಿಡಿಯಸ್ ಮಾಡಿಟ್ಟ ಹಳೆಯ ಪಟ್ಟಿಯನ್ನೂ ತಾಳೆ ನೋಡುವಷ್ಟು ತಾಳ್ಮೆ ಬೇಕಾಗಿತ್ತು.

ಪ್ರ: ಹಾಗಾದರೆ ಕಳೆದುಹೋದದ್ದು ಏನೂ ಇಲ್ಲವೆ?

ಉ: ಇದೆ. ಅವನ ಮೊಟ್ಟಮೊದಲ ಪುಸ್ತಕವೇ ಇಲ್ಲ. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸಿನಲ್ಲಿ, ಕಾರ್ತೇಜಿನಲ್ಲಿ ಮೇಷ್ಟ್ರಾಗಿದ್ದಾಗ, ‘ಚೆಲುವು ಮತ್ತು ಹೊಂದಿಕೆ’ಯ ಬಗ್ಗೆ ಬರೆದು, ತಾನು ಮುಖವನ್ನೂ ನೋಡಿರದ ಹಿಯೇರಿಯಸ್ ಎಂಬ ರೋಮಿನ ಭಾಷಣಕಾರನಿಗೆ ಅರ್ಪಿಸಿದ. ‘ಕನ್ಫೆಶನ್ಸ್’ ಬರೆಯುವ ಹೊತ್ತಿಗಾಗಲೇ ಅದು ಎಲ್ಲೋ ತಪ್ಪಿಹೋಗಿತ್ತು. ಅದರಲ್ಲಿ ಎರಡು ಕಾಂಡಗಳಿದ್ದವೋ ಮೂರೋ ಎಂಬುದು, 232ರ ಲೆಕ್ಕ ಇಟ್ಟ ಮನುಷ್ಯನಿಗೇ ನೆನಪಿರಲಿಲ್ಲ.